ಸಸಿ ನೆಡುವುದು ಬಿಟ್ಟೆ, ಬೊಡ್ಡೆ ನಂಬಿದೆ

12 ಎಕರೆ ಬೀಳು ಭೂಮಿ. ಅದರಲ್ಲಿ 3 ಎಕರೆ ಮಾತ್ರ ನನ್ನದು, ಉಳಿದದ್ದು ಊರು ಬಿಟ್ಟು ಹೋದವರದು. ಮೂರು ಮನೆಗೆ ಎರಡಕ್ಕೆ ಬೀಗ. ಇರುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಇಲ್ಲಿ ಮರ ಬೆಳೆಸುತ್ತೇನೆ ಅಂದಾಗ ನಕ್ಕವರು ಈಗ ಸೌದೆ ಕೇಳಿಕೊಂಡು ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಸುಮಾರು 1200 ಸಸಿ ನೆಟ್ಟೆ. ಕೈಲಿದ್ದ ದುಡ್ಡಿನಲ್ಲಿ ಅರ್ಧ ಬೇಲಿಗೇ ಹೋಯಿತು. ಉಳಿದದ್ದು ಗುಂಡಿ ತೆಗೆಸುವುದಕ್ಕೆ, ನೀರು ಹೊರಿಸುವುದಕ್ಕೆ. ನೀರು ಹೊರುವವರೇ ಸಿಗಲಿಲ್ಲ. ಎರಡನೇ ಬೇಸಿಗೆ ಮುಗಿದಾಗ ಎಣಿಸಿದೆ. ಎಪ್ಪತ್ತೋ ಎಂಬತ್ತೋ ಬದುಕಿದ್ದವು. ಬೇಲಿಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು, ಅದು ಬೇರೆ.

ಆಮೇಲೆ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ಕಥೆ ನೆನಪಾಯಿತು. ಆಫ್ರಿಕಾದ ನೈಜರ್ ದೇಶದಲ್ಲಿ ಅವರೂ ವರ್ಷಗಟ್ಟಲೆ ಸಸಿ ನೆಟ್ಟು ಸೋತವರೇ. 1983ರಲ್ಲಿ ಒಂದು ದಿನ, ತಾವು ಪೊದೆ ಅಂದುಕೊಂಡಿದ್ದು ಕಡಿದ ಮರದ ಬೊಡ್ಡೆಯಿಂದ ಬಂದ ಚಿಗುರು ಅಂತ ಕಂಡುಕೊಂಡರು. ಬೇರು ನೆಲದೊಳಗೆ ಬದುಕಿಯೇ ಇತ್ತು. ಆ ದಾರಿಯಲ್ಲಿ ನೈಜರ್‌ನಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಮತ್ತೆ ಹಸಿರಾಯಿತು. ನನ್ನ ಬೀಳಿಗೆ ಹೋಗಿ ಬಗ್ಗಿ ನೋಡಿದೆ. ಮುಳ್ಳುಪೊದೆ ಅಂತ ಬೈದುಕೊಂಡು ದಾಟುತ್ತಿದ್ದ ಜಾಗದಲ್ಲಿ ಐನೂರರ ಹತ್ತಿರ ಬೊಡ್ಡೆ!

ಕೆಲಸ ಇಷ್ಟೇ. ಬೊಡ್ಡೆಗೆ ಮೂರರಿಂದ ಐದು ಗಟ್ಟಿ ಕುಡಿ ಬಿಟ್ಟು ಮಿಕ್ಕಿದ್ದನ್ನು ಸವರಬೇಕು, ಕೆಳಗಿನ ಅರ್ಧದ ಪಕ್ಕದ ರೆಂಬೆ ತೆಗೆಯಬೇಕು. ನೀರು ಬೇಡ, ಗುಂಡಿ ಬೇಡ. ಬೆಳಿಗ್ಗೆ ಎರಡು ಗಂಟೆ ಹೊತ್ತಿನ ಕೆಲಸ, ಆರು ಜನ, ಅವರಲ್ಲಿ ಐವರು ಮುದುಕರು. ತಲೆಗೆ ದಿನಕ್ಕೆ ಹತ್ತು ಬೊಡ್ಡೆ ಆದರೂ ಸಾಕು. ಮೊದಲ ಸುತ್ತಿನ ಕೂಲಿ ಎಲ್ಲಾ ಸೇರಿಸಿದರೂ ಬೇಲಿಗೆ ಹಾಕಿದ್ದರಲ್ಲಿ ಐದನೇ ಒಂದು ಭಾಗ ಆಗಲಿಲ್ಲ. ಯಾವ ತಿಂಗಳು ಸವರುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಮೂರು ವರ್ಷ ಸುಟ್ಟುಕೊಂಡಿದ್ದೇನೆ.

ಜನ ಹೋದರು ಅಂತ ಎಲ್ಲರೂ ಅಳುತ್ತಾರೆ. ನನ್ನ ಲೆಕ್ಕವೇ ಬೇರೆ. ಜನ ಹೋದ ಮೇಲೆ ಸೌದೆ ಕಡಿಯುವ ಕೈ ಕಡಿಮೆಯಾಯಿತು, ಮೇಯುವ ಮೇಕೆಯೂ ಕಡಿಮೆಯಾಯಿತು. ಚಿಗುರಿಗೆ ಬೇಕಾಗಿದ್ದು ಅಷ್ಟೇ. ಉಳಿದ ಮೇಕೆಯವರನ್ನು ಹೇಗೆ ಒಪ್ಪಿಸಿದೆ ಅಂತ ಕೇಳಬೇಡಿ, ಅದೂ ನನ್ನ ಬಂಡವಾಳವೇ.

ಮಧ್ಯೆ ಗುಣಿ ಪ್ರಯೋಗವನ್ನೂ ಮಾಡಿದೆ. ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ರೈತ ಯಾಕುಬಾ ಸವಾಡೊಗೊ ಗಟ್ಟಿ ನೆಲದಲ್ಲಿ ಗುಣಿ ತೋಡಿ ಗೊಬ್ಬರ ಹಾಕುತ್ತಿದ್ದರು. ಗೊಬ್ಬರಕ್ಕೆ ಬಂದ ಗೆದ್ದಲು ನೆಲ ಕೊರೆಯುತ್ತಿತ್ತು, ಆ ತೂತಿನಲ್ಲಿ ನೀರು ಇಳಿಯುತ್ತಿತ್ತು. ಅವರನ್ನೂ ಸುತ್ತಲಿನವರು ಹುಚ್ಚ ಅಂದಿದ್ದರು. ಅರ್ಧ ಎಕರೆಯಲ್ಲಿ ನೋಡಿದೆ, ಬೆಳೆ ಚೆನ್ನಾಗಿಯೇ ಬಂತು. ಆದರೆ ಅಗೆದವನ ಸೊಂಟ ಹೋಯಿತು. ಮುದುಕರ ಊರಿಗೆ ಗುದ್ದಲಿ ಕೆಲಸ ಆಗುವುದಿಲ್ಲ, ಬಿಟ್ಟೆ.

ಎಲೆ ಮಾರುವ ಆಸೆಯೂ ಬಂದಿತ್ತು. ಜಪಾನಿನ ಕಮಿಕಟ್ಸು ಅನ್ನುವ ಬೆಟ್ಟದೂರಿನಲ್ಲಿ 1986ರಿಂದ ಹೋಟೆಲ್ ತಟ್ಟೆಯ ಅಲಂಕಾರಕ್ಕೆ ಎಲೆ ಕಳಿಸುತ್ತಾರೆ, ಕೀಳುವವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ಹಗುರ ಕೆಲಸ, ಅಲ್ವಾ? ನಾನು ನಾಲ್ಕು ಮೂಟೆ ಕಳಿಸಿದೆ. ಮೂರು ಬಾಡಿದವು, ನಾಲ್ಕನೆಯದಕ್ಕೆ ಸಾಗಣೆಯ ದುಡ್ಡೂ ಬರಲಿಲ್ಲ. ಅಲ್ಲಿ ಆರ್ಡರ್ ಬಂದ ಮೇಲೆ ಎಲೆ ಕೀಳುತ್ತಾರೆ, ನಾನು ಕಿತ್ತು ಆರ್ಡರ್ ಹುಡುಕುತ್ತಿದ್ದೆ.

ದೊಡ್ಡ ಪೆಟ್ಟು ಬಿದ್ದಿದ್ದು ನಾಲ್ಕನೇ ವರ್ಷ. ಮರ ತೋಳಿನ ದಪ್ಪ ಆಗಿತ್ತು. ಊರಲ್ಲಿಲ್ಲದ ಒಬ್ಬ ಜಮೀನುದಾರರು ಒಂದೇ ದಿನ ಬಂದು ತಮ್ಮ ಪಾಲಿನದನ್ನೆಲ್ಲಾ ಕಡಿಸಿ ಲಾರಿಗೆ ಹಾಕಿಸಿದರು. ಕಾಲು ಭಾಗ ಹೋಯಿತು. ತಪ್ಪು ನನ್ನದೇ, ಬಾಯಿಮಾತು ನಂಬಿದ್ದೆ. ನೈಜರ್‌ನಲ್ಲೂ ಮರ ಸರ್ಕಾರದ್ದು ಅನ್ನುವ ಕಾಲದಲ್ಲಿ ರೈತರು ಅದನ್ನು ಉಳಿಸುವ ಗೋಜಿಗೆ ಹೋಗಲಿಲ್ಲ. ಮರ ನಮ್ಮದು ಅನ್ನಿಸಿದ ಮೇಲೆಯೇ ಕಾಪಾಡಿದರು. ಈಗ ನಾನು ಕಾಗದ ಬರೆಸಿಕೊಳ್ಳುತ್ತೇನೆ: ನೆಲ ನಿಮ್ಮದು, ಹತ್ತು ವರ್ಷ ಕಟಾವು ನನ್ನದು, ಬಂದಿದ್ದರಲ್ಲಿ ನಾಲ್ಕನೇ ಒಂದು ಪಾಲು ನಿಮಗೆ. ಒಂದು ತುಂಡು ಹೊಲಕ್ಕೆ 16 ವಾರಸುದಾರರು. ಎಲ್ಲರ ಸಹಿ ಹಾಕಿಸುವುದಕ್ಕೆ ಓಡಾಡಿದ ಖರ್ಚು ಸವರುವ ಕೂಲಿಗಿಂತ ಜಾಸ್ತಿ ಆಯಿತು.

ಐದನೇ ವರ್ಷದಿಂದ ಸೌದೆ, ಮೇವು, ಗೂಟದ ಕಡ್ಡಿ ಮಾರಿ ಆ ವರ್ಷದ ಕೂಲಿ ಹೊರಟು ಸ್ವಲ್ಪ ಮಿಗುತ್ತಿದೆ. ಬೇಲಿಗೆ ಕಳೆದದ್ದು ಇನ್ನೂ ಪೂರ್ತಿ ಬಂದಿಲ್ಲ. ಈ ಸಲ ಆರು ಜನರಲ್ಲಿ ಇಬ್ಬರಿಗೆ ಮಂಡಿ ನೋವು. ನಾಲ್ಕು ಜನರಿಂದ 12 ಎಕರೆ ಸಾಗುತ್ತದಾ ಅನ್ನುವುದು ಮುಂದಿನ ಕಟಾವಿಗೆ ಗೊತ್ತಾಗುತ್ತದೆ.