ಕಬಡ್ಡಿ ಹುಡುಗರು, ಅವರ ಅಪ್ಪಂದಿರು ಮತ್ತು ನಾನು

ಎದುರಾಳಿಗಳ ಅಂಗಳಕ್ಕೆ ರೈಡಿಗೆ ಹೋದ ಹುಡುಗನಿಗೆ ಇರೋದು 30 ಸೆಕೆಂಡ್. ಬಾಯಲ್ಲಿ 'ಕಬಡ್ಡಿ ಕಬಡ್ಡಿ' ನಿಲ್ಲುವಂತಿಲ್ಲ, ಅದು ಅಂಪೈರ್‌ಗೆ ಕೇಳಿಸುತ್ತಿರಬೇಕು. ಕಣ್ಣು ಎರಡೂ ಕಾರ್ನರ್‌ಗಳ, ಅಂದ್ರೆ ಎರಡು ತುದಿಯಲ್ಲಿ ನಿಂತ ಆಟಗಾರರ ಮೇಲಿರಬೇಕು. ಅಷ್ಟರಲ್ಲಿ ಎಡಗಡೆ ಗೆರೆಯ ಹೊರಗಿಂದ ಅಪ್ಪನ ದನಿ: "ಬೋನಸ್ ತಗೋಲೇ, ಬೋನಸ್!" ಹುಡುಗ ತಲೆ ತಿರುಗಿಸುವುದಿಲ್ಲ. ಕಣ್ಣು ಮಾತ್ರ ಚೂರು ಆ ಕಡೆ ಹೋಗುತ್ತದೆ. ಬಲಗಡೆಯ ಕಾರ್ನರ್‌ಗೆ ಅಷ್ಟು ಸಾಕು, ಕೆಳಗೆ ಬಿದ್ದು ಕಾಲು ಹಿಡಿದುಬಿಡುತ್ತಾನೆ. ಇಷ್ಟಕ್ಕೂ ಎದುರಿಗಿದ್ದವರು ಐದೇ ಜನ. ಬೋನಸ್ ಅಂದ್ರೆ ಎದುರಾಳಿಗಳ ಅಂಗಳದ ಬೋನಸ್ ಗೆರೆ ದಾಟಿದ್ದಕ್ಕೆ ಸಿಗೋ ಪಾಯಿಂಟ್; ಅಂಗಳದಲ್ಲಿ ಆರು ಜನಕ್ಕಿಂತ ಕಡಿಮೆ ಇದ್ದರೆ ಅದು ಇಲ್ಲವೇ ಇಲ್ಲ. ಅದು ಮಗನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ.

ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಮಳೆಗಾಲದಲ್ಲಿ ಕ್ರೀಡಾಕೂಟಗಳು ಶುರುವಾದವು ಅಂದ್ರೆ ವಲಯ, ತಾಲೂಕು, ಜಿಲ್ಲೆ, ಕಲಬುರಗಿ ವಿಭಾಗ, ಆಮೇಲೆ ರಾಜ್ಯ ಅಂತ ಏಣಿ ಹತ್ತುತ್ತಾ ಹೋಗಬೇಕು. ಹತ್ತೋರು ಹುಡುಗರು, ಕೆಳಗೆ ನಿಂತು ನೂಕೋದು ಊರು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಈ ನೂಕಾಟ ಜಾಸ್ತಿಯಾಯಿತು. ರೈಡರ್ ಪವನ್ ಸೆಹ್ರಾವತ್‌ಗೆ 2022ರ ಆಟಗಾರರ ಹರಾಜಿನಲ್ಲಿ 2.26 ಕೋಟಿ ಸಿಕ್ಕಿದ್ದು ನಮ್ಮೂರಿನ ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಬಾಯಿಪಾಠ. ಅದೇ ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದವರ ಹೆಸರು ಕೇಳಿದರೆ ಒಬ್ಬರೂ ಹೇಳಲ್ಲ.

ಕೂಗಬೇಡಿ ಅಂತ ಹೇಳಿ ನೋಡಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಡೆಯಲ್ಲ. ಸದ್ದು ನಿಲ್ಲಿಸೋಕೆ ಆಗಲ್ಲ, ಆದರೆ ಸದ್ದು ಮಾಡೋರಿಗೆ ಒಂದು ಕೆಲಸ ಕೊಡಬಹುದು. ನಾನು ಹಿಡಿದ ದಾರಿ ಅದು.

ಶಾಲೆಗೆ ಸಭೆ ಕರೆದರೆ ಅವ್ವಂದಿರು ಬರುತ್ತಾರೆ, ಅಪ್ಪಂದಿರು ಬರಲ್ಲ. ಅದಕ್ಕೆ ನಾನೇ ಸಂಜೆ ಹನುಮಂತ ದೇವರ ಗುಡಿ ಕಟ್ಟೆಗೆ ಹೋಗಿ ಕೂತೆ. ಅಲ್ಲಿ ಎಲ್ಲರೂ ಸಿಗುತ್ತಾರೆ. ಒಂದೇ ಕರಾರು ಇಟ್ಟೆ: ಹುಡುಗನ ಹೆಸರು ಕೂಗಿ, ಶಭಾಷ್ ಅನ್ನಿ, ಸಿಳ್ಳೆ ಹಾಕಿ. ಆದರೆ ಹೀಗೆ ಆಡು, ಹಾಗೆ ಹಿಡಿ ಅಂತ ಹೇಳೋದು ಬೇಡ. "ನೀವಷ್ಟೇ ಹೇಳಬೇಕೇನ್ರಿ ಹಂಗಾದ್ರ?" ಅಂತ ಒಬ್ಬರು ಕೇಳಿದರು. ನನಗೂ ಆಟದ ನಡುವೆ ಹೇಳೋಕೆ ಸಿಗೋದು ಅರ್ಧಕ್ಕೆ ಎರಡು ಟೈಮ್‌ಔಟ್, ಒಂದೊಂದು 30 ಸೆಕೆಂಡ್ ಅಂತ ವಿವರಿಸಿದೆ. ಮಾಸ್ತರನಿಗೇ ಇಷ್ಟು ಅಂದಮೇಲೆ ಅವರು ಸ್ವಲ್ಪ ತಣ್ಣಗಾದರು.

ಅತಿ ಜೋರು ದನಿಯವರನ್ನು ಅಭ್ಯಾಸ ಪಂದ್ಯಕ್ಕೆ ಸ್ಕೋರರ್ ಮಾಡಿದೆ. ಇದು ನಾನು ಮಾಡಿದ್ದರಲ್ಲೇ ಚೆನ್ನಾಗಿ ನಡೆದ ಉಪಾಯ. ಸ್ಕೋರ್ ಹಾಳೆ ಹಿಡಿದವರು ಪ್ರತಿ ರೈಡನ್ನೂ ಬರೆಯಬೇಕು. ಟಚ್ ಎಷ್ಟು, ಬೋನಸ್ ಉಂಟಾ ಇಲ್ಲವಾ, ಯಾರು ಔಟ್, ಯಾರು ಒಳಗೆ ಬಂದರು. ತಲೆ ಎತ್ತಿ ಕೂಗೋಕೆ ಪುರುಸೊತ್ತೇ ಇರಲ್ಲ. ಬೋನಸ್ ಬೋನಸ್ ಅಂತಿದ್ದ ಅದೇ ಅಪ್ಪ ಒಂದು ಸಂಜೆ ಪೆನ್ನು ನಿಲ್ಲಿಸಿ, "ಸರ್, ಒಳಗ ಐದೇ ಮಂದಿ ಅದಾರ, ಇದು ಬೋನಸ್ ಬರಂಗಿಲ್ಲ ಅಲ್ರಿ?" ಅಂದರು. ನನಗೆ ನಗು ತಡೆಯೋಕೆ ಆಗಲಿಲ್ಲ. ಅವರೂ ನಕ್ಕರು.

ದೂರದಿಂದ ಬರೋ ಒತ್ತಡ ಬೇರೆ ತರಹದ್ದು. ನಮ್ಮ ಕಡೆ ಅರ್ಧ ಊರೇ ಬೆಂಗಳೂರಿಗೆ ದುಡಿಯೋಕೆ ಹೋಗಿರುತ್ತದೆ. ನಮ್ಮ ಒಬ್ಬ ರೈಡರ್‌ನ ಅಪ್ಪ ಕಟ್ಟಡದ ಕೆಲಸದಲ್ಲಿದ್ದರು. ಪಂದ್ಯದ ಹೊತ್ತಿಗೆ ಸೋದರಮಾವ ಕೋರ್ಟಿನ ಪಕ್ಕ ಮೊಬೈಲ್ ಎತ್ತಿ ಹಿಡಿದು ವಿಡಿಯೊ ಕಾಲ್ ಮಾಡುತ್ತಿದ್ದ. ಆ ಕಡೆ ಅಪ್ಪ, ಜೊತೆಗೆ ಕೆಲಸದ ಮಂದಿಯೆಲ್ಲ. ಹುಡುಗ ಪ್ರತಿ ರೈಡ್ ಮುಗಿಸಿ ಬಂದು ಆ ಫೋನ್ ಕಡೆ ನೋಡುತ್ತಿದ್ದ. ಅಪ್ಪನಿಗೆ ರಾತ್ರಿ ಫೋನ್ ಮಾಡಿದೆ. ಮಗನ ಆಟ ನೋಡಬೇಡಿ ಅನ್ನೋಕೆ ನನಗೇನು ಹಕ್ಕು? ಅಷ್ಟು ದೂರ ಇರೋ ಮನುಷ್ಯನಿಗೆ ಇರೋದೇ ಅದು. ಮಾಮಾ ರೆಕಾರ್ಡ್ ಮಾಡಲಿ, ಊಟ ಆದಮೇಲೆ ಇಬ್ಬರೂ ಕೂಡಿ ನೋಡಿ, ಮೊದಲು ಉಂಡಿಯಾ ಅಂತ ಕೇಳಿ, ಪಾಯಿಂಟ್ ಆಮೇಲೆ ಕೇಳಿ ಅಂದೆ. ಒಪ್ಪಿಕೊಂಡರು. ಪಾಯಿಂಟ್ ಕೇಳೋದು ಬಿಟ್ಟರಾ ಅಂದ್ರೆ ಇಲ್ಲ, ಎರಡನೇ ಪ್ರಶ್ನೆ ಆಯಿತು ಅಷ್ಟೇ.

ಅಭಿಮಾನಿಗಳ ದುಡ್ಡು ಇನ್ನೊಂದು ತಲೆನೋವು. ಒಂದೇ ರೈಡಿನಲ್ಲಿ ಮೂರು ಪಾಯಿಂಟ್ ತಂದರೆ 500 ರೂಪಾಯಿ ಅಂತ ಊರಿನ ಒಬ್ಬ ಗುತ್ತಿಗೆದಾರರು ಮೈಕಿನಲ್ಲಿ ಹೇಳಿಬಿಟ್ಟರು. ಆವತ್ತು ಎರಡು ಟಚ್ ಮಾಡಿದ ಹುಡುಗ ಗೆರೆಗೆ ಓಡಿ ಬರೋದು ಬಿಟ್ಟು ಮೂರನೆಯವನ ಹಿಂದೆ ಹೋಗಿ ಸಿಕ್ಕಿಬಿದ್ದ. ಗುತ್ತಿಗೆದಾರರ ಮನೆಗೇ ಹೋಗಿ, ಕೊಡೋದನ್ನು ತಂಡಕ್ಕೆ ಕೊಡಿ ಅಂತ ಕೇಳಿದೆ. 12 ಹುಡುಗರಿಗೂ ಮೊಣಕಾಲಿಗೆ ಹಾಕೋ ನೀ ಕ್ಯಾಪ್ ಬಂತು. ಬೆಂಚಿನ ಮೇಲೆ ಕೂತ ಐದು ಜನರಿಗೂ ಅಂತ ಒತ್ತಿ ಹೇಳಬೇಕಾಯಿತು, ಯಾಕಂದ್ರೆ ಅವರು ಆಡಿದ ಏಳು ಜನರನ್ನೇ ಲೆಕ್ಕ ಹಿಡಿದಿದ್ದರು.

ತಾಲೂಕು ಕೂಟ ಹತ್ತಿರ ಬಂದಾಗ ಬೆಳಿಗ್ಗೆ, ಸಂಜೆ, ಭಾನುವಾರ ಕೂಡ ಅಭ್ಯಾಸ ಮಾಡಿಸಿ ಅಂತ ಒತ್ತಾಯ. ಬೆಳೆಯೋ ಮಕ್ಕಳಿಗೆ ವಾರಕ್ಕೆ ಒಂದೆರಡು ದಿನ ಆಟದಿಂದ ಪೂರ್ತಿ ಬಿಡುವು ಬೇಕು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಕಟ್ಟೆಯ ಮೇಲೆ ಅದನ್ನು ಹೇಳಿದರೆ ಯಾರು ಕೇಳುತ್ತಾರೆ? "ಸೋಮವಾರ ಎತ್ತಿಗೆ ನೊಗ ಹೂಡಲ್ಲ ನೀವು. ಹುಡುಗರಿಗೆ ಐತವಾರ ಬಿಡ್ರಿ" ಅಂದೆ. ಮರುಮಾತು ಬರಲಿಲ್ಲ.

ಎಲ್ಲವೂ ಹೀಗೆ ಸಲೀಸಾಗಿ ಮುಗಿಯಲ್ಲ. ಜಿಲ್ಲಾ ಮಟ್ಟದ ಪಂದ್ಯದ ಬೆಳಿಗ್ಗೆ ನಮ್ಮ ಎಡ ಕಾರ್ನರ್ ಹುಡುಗನ ಸಾಕ್ಸಿನ ಅಂಚಿನಲ್ಲಿ ಹಳದಿ ಕಲೆ ಕಂಡಿತು. ಅರಿಶಿನ, ಸುಣ್ಣದ ಪಟ್ಟು. ಪಂದ್ಯಕ್ಕೆ ಮುಂಚೆ ಎಲ್ಲರನ್ನೂ ಒಂಟಿಗಾಲಲ್ಲಿ ಕುಪ್ಪಳಿಸೋಕೆ ಹೇಳೋದು ನನ್ನ ರೂಢಿ. ಅವನು ಕುಪ್ಪಳಿಸಿದ, ಮುಖದಲ್ಲಿ ಏನೂ ತೋರಿಸಲಿಲ್ಲ. ಆದರೆ ಪ್ರತಿ ಸಲ ಕಾಲೂರುವಾಗ ಉಸಿರು ಬಿಗಿ ಹಿಡಿಯುತ್ತಿದ್ದ. ಸಾಕ್ಸ್ ಬಿಚ್ಚಿಸಿದರೆ ಕಾಲಿನ ಗಂಟು ಊದಿಕೊಂಡಿತ್ತು. "ಅಪ್ಪಗ ಹೇಳಬ್ಯಾಡ್ರಿ ಸರ್, ಟೆಂಪೋ ಮಾಡ್ಕೊಂಡು ಮಂದಿನೆಲ್ಲ ಕರ್ಕೊಂಡು ಬಂದಾನ" ಅಂದ. ಅವನನ್ನು ಕೂರಿಸಿದೆ. ಅಪ್ಪ ಎಲ್ಲರ ಮುಂದೆ ನನ್ನ ಮೇಲೆ ಕೂಗಾಡಿದರು. "ಊರಾಗ ಏನ್ ಮುಖ ತೋರಿಸ್ಲಿ?" ಅಂದರು. ನಾನು ಉತ್ತರ ಕೊಡಲಿಲ್ಲ, ಮಗನ ಕಾಲು ತೋರಿಸಿದೆ. ಆ ಪಂದ್ಯ ಸೋತೆವು. ಅವನನ್ನು ಕೂರಿಸಿದ್ದಕ್ಕೇ ಸೋತೆವು ಅಂತ ಈಗಲೂ ಅನ್ನೋರಿದ್ದಾರೆ. ಇರಬಹುದು.

ಸೋತ ಮೇಲೆ ಕೆಲವು ಹುಡುಗರು ಊಟ ಬಿಡುತ್ತಾರೆ, ಶಾಲೆಗೆ ಬರಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಅವರು ಬಿದ್ದ ವಿಡಿಯೊ ಓಡಾಡುತ್ತಿರುತ್ತದೆ. ಅಂಥ ವಿಡಿಯೊ ಹಾಕಿದ ಯುವಕರನ್ನು ಮೈದಾನಕ್ಕೆ ಕರೆದು ಒಂದು ರೈಡ್ ಹಾಕಿಸಿದ್ದೇನೆ. ಅರ್ಧದಲ್ಲೇ 'ಕಬಡ್ಡಿ' ನಿಂತುಹೋಯಿತು, ವಿಡಿಯೊ ಅವರೇ ಅಳಿಸಿದರು. ಹುಡುಗ ತುಂಬಾ ಮಂಕಾಗಿದ್ದರೆ ಮಾತ್ರ ನನ್ನ ಉಪಾಯ ಸಾಲದು. ಆಗ ಅವ್ವ, ಅಪ್ಪನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಡುತ್ತೇನೆ. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ.

ಹುಡುಗಿಯರ ತಂಡದ ಕಥೆ ಪೂರ್ತಿ ಉಲ್ಟಾ. ಅವರ ಪಂದ್ಯಕ್ಕೆ ಮನೆಯವರು ಬರುತ್ತಲೇ ಇರಲಿಲ್ಲ. ಹತ್ತನೇ ತರಗತಿಗೆ ಬಂದ ಮೇಲೆ ಆಟ ಯಾಕ್ರಿ ಅನ್ನೋದೊಂದೇ ಅಲ್ಲಿನ ಒತ್ತಡ. ಕಳೆದ ಸಲ ತಾಲೂಕು ಗೆದ್ದ ಮೇಲೆ ಇಬ್ಬರು ಮೂವರು ಅಪ್ಪಂದಿರು ಬಂದು ಗೆರೆಯ ಹತ್ತಿರ ನಿಂತರು. "ಹಿಡೀ ಅವ್ವಾ, ಬಿಡಬ್ಯಾಡ!" ಅಂತ ಕೂಗಿದ್ದೇ ಕೂಗಿದ್ದು. ಕರಾರಿನ ಪ್ರಕಾರ ಅವರನ್ನೂ ಸುಮ್ಮನಿರಿಸಬೇಕು. ಈ ವರ್ಷ ಇರಲಿ ಅಂತ ಬಿಟ್ಟಿದ್ದೇನೆ.