ಇಂಗ್ಲೆಂಡಿನ ಜಿಪಿ ಮುಂದೆ ‘ಯೂರಿನ್ ಪ್ರಾಬ್ಲಂ’ ಅನ್ನಬೇಡಿ

ಹುಬ್ಬಳ್ಳಿಯಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಹೋದ ವಾರ ನಮ್ಮ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: “ಅಕ್ಕಾ, ಸೀನಿದ್ರ ಒಂದಕ್ಕ ಆಗ್ಬಿಡ್ತೈತ್ರಿ. ಟೆಸ್ಟ್‌ನ್ಯಾಗ ಏನೂ ಇಲ್ಲಂದ್ರು.” ಕೇಳಿ ಕರುಳು ಚುರುಕ್ಕೆಂದಿತು. ಜಿಪಿ, ಅಂದರೆ ಇಲ್ಲಿ ಮೊದಲು ನೋಡಬೇಕಾದ ಡಾಕ್ಟರ್, ಅವರ ಮುಂದೆ ಅವಳು ಅಂದದ್ದು ‘ಯೂರಿನ್ ಪ್ರಾಬ್ಲಂ’ ಅಂತ ಅಷ್ಟೇ. ನಾನು ಮಾಡಿದ್ದೂ ಇದೇ ತಪ್ಪು.

ಎರಡನೇ ಹೆರಿಗೆಯ ನಂತರ ಜಿಪಿ ಹತ್ತಿರ ಹೋಗಿ, ನಾಚಿಕೆಗೆ ‘ಯೂರಿನ್ ಪ್ರಾಬ್ಲಂ’ ಅಂದಷ್ಟೇ ಹೇಳಿದೆ. ಅವರು ಸೋಂಕು ಅಂದುಕೊಂಡರು. ಡಬ್ಬಿ ಕೊಟ್ಟರು, ಪರೀಕ್ಷಿಸಿದರು, ಏನೂ ಇಲ್ಲವೆಂದು ಕಳಿಸಿದರು. ಮೂರು ಸಲ ಹೀಗೇ ಆಯಿತು. ಎಂಟು ತಿಂಗಳು ಹೋಯಿತು. ಅಷ್ಟೂ ದಿನ ಅಂಗಡಿಯಲ್ಲಿ ಪ್ಯಾಡ್ ತೆಗೆದುಕೊಂಡು, ಬ್ರೆಡ್ಡಿನ ಕೆಳಗೆ ಮುಚ್ಚಿಟ್ಟು ಬಿಲ್ ಮಾಡಿಸುತ್ತಿದ್ದೆ. ಅದೂ ಮುಟ್ಟಿನ ಪ್ಯಾಡ್. ಮೂತ್ರ ಹೀರಲು ಮಾಡಿದ್ದೇ ಅಲ್ಲ. ದುಡ್ಡೂ ಹೋಯಿತು, ತೊಡೆಸಂದಿಯೂ ಕೆಂಪಗೆ ಉರಿಯಿತು.

ಬಾಯಿಬಿಟ್ಟು ಹೇಳಿ: ‘ಕೆಮ್ಮಿದರೆ ಯೂರಿನ್ ಲೀಕ್ ಆಗುತ್ತೆ’. ಇಲ್ಲವೇ ‘ಅವಸರವಾಗಿ, ಟಾಯ್ಲೆಟ್ ಮುಟ್ಟುವಷ್ಟರಲ್ಲಿ ಆಗಿಬಿಡುತ್ತೆ’. ಎರಡಕ್ಕೂ ದಾರಿ ಬೇರೆ. ಮೊದಲನೆಯದಕ್ಕೆ ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ: ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಎರಡನೆಯದಕ್ಕೆ ತಡೆಯುವ ಹೊತ್ತನ್ನು ಸ್ವಲ್ಪಸ್ವಲ್ಪ ಹೆಚ್ಚಿಸುವ ಅಭ್ಯಾಸ, 6 ವಾರವಾದರೂ ಬೇಕು.

‘ಕಾಂಟಿನೆನ್ಸ್ ಸರ್ವಿಸ್‌ಗೆ ಕಳಿಸಿ’ ಎಂದು ಹೆಸರು ಹಿಡಿದೇ ಕೇಳಿ; ಹೀಗೆ ಹಿಡಿತ ತಪ್ಪುವವರನ್ನು ನೋಡುವ ವಿಭಾಗ ಅದು. ಹಲವು ಕಡೆ ನೀವೇ ನೇರವಾಗಿ ಫೋನ್ ಮಾಡಬಹುದು. ಎನ್‌ಎಚ್‌ಎಸ್‌ನ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ) ಉಚಿತ ಪ್ಯಾಡ್ ಸಿಗುವುದಾದರೆ ಅವರ ತಪಾಸಣೆ ಆದಮೇಲೆಯೇ. ಹೋಗುವ ಮೊದಲು 3 ದಿನ ಬರೆದಿಡಿ: ಎಷ್ಟು ಕುಡಿದಿರಿ, ಎಷ್ಟು ಹೋಯಿತು, ಯಾವಾಗ ಜಾರಿತು. ನಾನು ಹಳೆಯ ಅಳತೆಯ ಜಗ್ಗೊಂದನ್ನು ಬಾತ್‌ರೂಮಿನಲ್ಲೇ ಇಟ್ಟಿದ್ದೆ. ದಿನಕ್ಕೆ ಆರು ಕಪ್ ಚಹಾ ಕುಡಿಯುತ್ತೇನೆಂದು ಆ ಕಾಗದ ನೋಡಿದಾಗಲೇ ಗೊತ್ತಾಗಿದ್ದು! ಚಹಾ ಕಡಿಮೆ ಮಾಡಿ. ಹೆದರಿ ನೀರು ಮಾತ್ರ ಬಿಡಬೇಡಿ.

ಹುಬ್ಬಳ್ಳಿಯಲ್ಲಾದರೆ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಅವತ್ತೇ ದೊಡ್ಡ ಡಾಕ್ಟರನ್ನು ನೋಡಬಹುದು. ಆ ವಿಷಯದಲ್ಲಿ ನಮ್ಮೂರೇ ಮೇಲು. ಆದರೆ ಇಲ್ಲಿ ಕಾಂಟಿನೆನ್ಸ್ ಸರ್ವಿಸ್‌ನ ನರ್ಸಮ್ಮ ಮುಕ್ಕಾಲು ಗಂಟೆ ಪಕ್ಕದಲ್ಲಿ ಕೂತು, ಆ ವ್ಯಾಯಾಮವನ್ನು ಸರಿಯಾಗಿ ಮಾಡುತ್ತಿದ್ದೇನಾ ಎಂದು ನೋಡಿ ತಿದ್ದಿದರು. ಗದಗಿನಲ್ಲಿರುವ ನಮ್ಮ ಅಮ್ಮನಿಗೆ ಇಷ್ಟು ವರ್ಷದಲ್ಲಿ ಯಾರೂ ಅದನ್ನು ಹೇಳಿಕೊಟ್ಟಿಲ್ಲ.

ಅಮ್ಮ, ಅತ್ತೆ ವಿಸಿಟರ್ ವೀಸಾದಲ್ಲಿ ಬಂದಿದ್ದರೆ ಎಚ್ಚರ. ಜಿಪಿ ನೋಡುವುದು ಉಚಿತ. ಆಸ್ಪತ್ರೆಗೆ ಕಳಿಸಿದರೆ ಮಾತ್ರ ಖರ್ಚಿನ ಒಂದೂವರೆಪಟ್ಟು ಬಿಲ್ ಬರುತ್ತದೆ. ಯಾರಿಗೇ ಆಗಲಿ, ಮೂತ್ರದಲ್ಲಿ ರಕ್ತ ಕಂಡರೆ ಕಾಯದೆ ಜಿಪಿಗೆ ಹೇಳಿ. ಬೆನ್ನುನೋವಿನ ಜೊತೆ ತೊಡೆಸಂದಿ ಜೋಮು ಹಿಡಿದು ಒಂದಕ್ಕೆ ಹಿಡಿತ ತಪ್ಪಿದರೆ ಆ ಕ್ಷಣವೇ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ.

ಆ ಹುಡುಗಿ ನಮ್ಮ ಅಡುಗೆಮನೆಯಿಂದಲೇ ಫೋನ್ ಮಾಡಿದಳು. ‘ಲೀಕ್’ ಅನ್ನುವಾಗ ದನಿ ನಡುಗಿತು, ಆದರೂ ಹೇಳಿದಳು.