ಕನ್ನಡ ಹೆಸರಿನ ಫೈಲುಗಳ ಎರಡು ಪಟ್ಟಿ ಕೊನೆಗೂ ನೇರ ನಿಂತವು

ಎರಡು ಡಿಸ್ಕುಗಳ ಫೈಲ್ ಪಟ್ಟಿಯನ್ನು ಟರ್ಮಿನಲ್‌ನಲ್ಲಿ ಅಕ್ಕಪಕ್ಕ ನೇರ ಸಾಲಿನಲ್ಲಿ ಇಡಲು ಎಲ್‌ಎಸ್ (ಫೈಲ್ ಪಟ್ಟಿ ಕೊಡುವ ಕಮಾಂಡ್), ಪೇಸ್ಟ್ (ಎರಡನ್ನು ಜೋಡಿಸುವುದು), ಕಾಲಮ್ (ಸಾಲು ನೇರ ಮಾಡುವುದು) ಸಾಕು. ಹೆಸರುಗಳು ಕನ್ನಡದಲ್ಲಿದ್ದರೆ ಮಾತ್ರ ಬಲಗಡೆಯ ಸಾಲು ಹಾವಿನಂತೆ ಹರಿದಾಡುತ್ತದೆ. "ಇದು ಶೆಲ್‌ನಲ್ಲಿ ಆಗಲ್ಲ, ಪೈಥಾನ್ ಹಿಡಿ" ಅಂದವರೇ ಹೆಚ್ಚು. ಈಗ ಹದಿನೈದಿಪ್ಪತ್ತು ಸಾಲಿನ ಬ್ಯಾಶ್ ಎಂಬ ಶೆಲ್‌ನಲ್ಲೇ (ಟರ್ಮಿನಲ್‌ನ ಕಮಾಂಡ್ ಭಾಷೆ) ಆಗಿದೆ.

ಮೊದಲು ಪಟ್ಟಿಗಳನ್ನು ಅಕ್ಕಪಕ್ಕ ಅಚ್ಚು ಮಾಡುವ ಪಿಆರ್ ಕಮಾಂಡ್‌ಗೆ ಮೈನಸ್ ಎಂ, ಮೈನಸ್ ಟಿ ಆಯ್ಕೆಗಳು, ಅಗಲ 160 ಕೊಟ್ಟೆ. ನನ್ನ ಡೆಬಿಯನ್ ಲಿನಕ್ಸ್‌ನಲ್ಲಿ ಅದು ಎಣಿಸುವುದು ಬೈಟುಗಳನ್ನು. ಅಕ್ಷರದ ನಡುವೆಯೇ ಕತ್ತರಿಸಿ ಪ್ರಶ್ನೆಚಿಹ್ನೆ ಉಗುಳಿತು. ಅಗಲ ಹೇಳಿ ಅಚ್ಚು ಮಾಡಿಸುವ ಬ್ಯಾಶ್‌ನ ಪ್ರಿಂಟ್‌ಎಫ್ ಸಹ ಅದೇ ಜಾತಿ. ‘ಕನ್ನಡ’ ಅಂದರೆ 5 ಯೂನಿಕೋಡ್ ಸಂಕೇತ, 15 ಬೈಟು. 20ರ ಅಗಲ ಕೇಳಿದರೆ ಐದೇ ಖಾಲಿ ಜಾಗ ಸೇರಿಸುತ್ತದೆ. ಕಾಲಮ್ ಕಮಾಂಡ್ ಕೊಂಚ ಜಾಣ: ‘್’ಗೆ ಸೊನ್ನೆ ಅಗಲ ಹಿಡಿದು 4 ಅನ್ನುತ್ತದೆ. ಟರ್ಮಿನಲ್ ಒತ್ತಕ್ಷರವನ್ನು ಕೂಡಿಸಿ ಬರೆದರೆ ಆ ಲೆಕ್ಕವೂ ಕೆಟ್ಟಿತು. ಪರದೆಯ ಅಗಲ ಸಾಲದೇನೋ ಎಂದು ಸೆಕೆಂಡ್ ಹ್ಯಾಂಡ್ ಮಾನಿಟರ್‌ಗೆ ಸುಮಾರು ಮೂರೂವರೆ ಸಾವಿರ ಸುರಿದದ್ದು ಶುದ್ಧ ದಂಡ.

ಕೊನೆಗೆ ಅಳೆಯುವುದನ್ನೇ ಬಿಟ್ಟೆ. ಎಡಗಡೆಯ ಹೆಸರು ಅಚ್ಚಾದ ಮೇಲೆ ಕರ್ಸರನ್ನೇ 60ನೇ ಕಾಲಮ್ಮಿಗೆ ಹಾರಿಸಿ ಬಲಗಡೆಯದನ್ನು ಅಚ್ಚು ಮಾಡಿದರೆ ಆಯಿತು. ಅದಕ್ಕೆ ಕಮಾಂಡ್: ಟಿಪುಟ್ ಎಚ್‌ಪಿಎ 59 (ಅದರ ಎಣಿಕೆ ಸೊನ್ನೆಯಿಂದ). ಅದು ಕೊಡುವ ಸಂಕೇತವನ್ನು ಲೂಪಿನ ಹೊರಗೆ ಒಮ್ಮೆ ವೇರಿಯಬಲ್‌ಗೆ ತುಂಬಿಕೊಳ್ಳಿ. ಸಾಲಿಗೊಮ್ಮೆ ಕರೆದಾಗ ಎರಡು ಸಾವಿರ ಹೆಸರಿಗೆ ಐದಾರು ಸೆಕೆಂಡು ಹಿಡಿದಿತ್ತು.

ಒಂದೇ ಹೆಸರು ಎದುರುಬದುರು ಬರಬೇಕಾದರೆ ಸಾರ್ಟ್ (ಕ್ರಮಕ್ಕೆ ಇಡುವುದು), ಜಾಯಿನ್ (ಒಂದೇ ಹೆಸರಿನ ಸಾಲುಗಳನ್ನು ಕೂಡಿಸುವುದು) ಎರಡಕ್ಕೂ ಎಲ್‌ಸಿ-ಆಲ್ ಎಂಬ ಭಾಷೆಯ ಸೆಟ್ಟಿಂಗ್ ‘ಸಿ’ ಇರಲಿ, ಇಲ್ಲವಾದರೆ ಸಾರ್ಟ್ ಆಗಿಲ್ಲ ಎಂದು ಜಾಯಿನ್ ತಗಾದೆ ತೆಗೆಯುತ್ತದೆ. ಜಾಯಿನ್‌ಗೆ ಡಿಲಿಮಿಟರ್ ಟ್ಯಾಬ್, ಮೈನಸ್ ಎ 1 ಮತ್ತು 2 (ಒಂದೇ ಕಡೆ ಇರುವ ಹೆಸರೂ ಬರಲೆಂದು), ಮೈನಸ್ ಓ 1.1,2.1. ನಾನು ಮುಗ್ಗರಿಸಿದ್ದು ಇಲ್ಲೇ: ಒಂದೊಂದೇ ಸಾಲು ಓದಿಕೊಳ್ಳುವ ಬ್ಯಾಶ್‌ನ ರೀಡ್, ಸಾಲಿನ ಮೊದಲಿಗೇ ಬರುವ ಟ್ಯಾಬನ್ನು ನುಂಗಿಬಿಡುತ್ತದೆ, ಬಲಗಡೆ ಮಾತ್ರ ಇರುವ ಫೈಲು ಎಡಕ್ಕೆ ಜಾರುತ್ತದೆ. ಜಾಯಿನ್‌ಗೆ ಮೈನಸ್ ಇ ಜೊತೆ ಒಂದು ಅಡ್ಡಗೆರೆ ಕೊಟ್ಟು ಖಾಲಿ ಜಾಗ ತುಂಬಿಸಿ.

ನಡುವೆ ವ್ಯತ್ಯಾಸವನ್ನು ಅಕ್ಕಪಕ್ಕ ತೋರಿಸುವ ಡಿಫ್ ಮೈನಸ್ ವೈ ಕೂಡ ನೋಡಿದೆ. ಸಂಬಂಧವೇ ಇಲ್ಲದ ಎರಡು ಹೆಸರನ್ನು ಒಂದೇ ಸಾಲಿಗೆ ತಂದು ‘ಬದಲಾಗಿದೆ’ ಎಂದು ನಡುವೆ ಗೆರೆ ಎಳೆಯಿತು, ಅಲ್ಲಿಗೇ ಬಿಟ್ಟೆ.

ಕೊರತೆಯೂ ಇದೆ. ಪುಟಪುಟವಾಗಿ ತೋರಿಸುವ ಲೆಸ್‌ಗೆ ಕಳಿಸಿದರೆ ಅದರ ಮೈನಸ್ ದೊಡ್ಡ ಆರ್ ಆಯ್ಕೆ ಬಣ್ಣದ ಸಂಕೇತಗಳನ್ನಷ್ಟೇ ಬಿಡುತ್ತದೆ, ಸಣ್ಣ ಆರ್ ಬೇಕು. ಎಡಗಡೆಯ ಹೆಸರು 60ನೇ ಕಾಲಮ್ ತಲುಪಿದರೆ ಬಲಗಡೆಯದು ಅದರ ಮೇಲೇ ಕೂರುತ್ತದೆ. ಅಕ್ಷರ ಒಡೆಯದೆ ಮೊಟಕು ಮಾಡುವ ನನ್ನ ಫಂಕ್ಷನ್ ಸದ್ಯಕ್ಕೆ ನನ್ನಲ್ಲೇ ಇರಲಿ.